ಡ್ರಿಲ್‌ಗಿಂತ ಮೊದಲು ರಸಮಟ್ಟ

ಬಿಡಿ ಹಲಗೆಗಳಾಗಿ ಡಬ್ಬದಲ್ಲಿ ಬರುವ ಅಡುಗೆಮನೆ ಕಪಾಟನ್ನು ನಾವೇ ಜೋಡಿಸಿಕೊಳ್ಳುವುದು ನಮ್ಮಲ್ಲಿ ಇನ್ನೂ ಹೊಸ ರೂಢಿ. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಇಕಿಯಾ ಅಂಗಡಿ ತೆರೆದ ಮೇಲೆ ಬೆಂಗಳೂರಿನ ಎಷ್ಟೋ ಮಂದಿಗೆ ಇದರ ಪರಿಚಯವಾಯಿತು. ನಾನು ಬಡಗಿಯಲ್ಲ. ನನ್ನ ಮನೆಯಲ್ಲಿ, ತಂಗಿಯ ಮನೆಯಲ್ಲಿ, ಕೆಲವು ಗೆಳೆಯರ ಮನೆಗಳಲ್ಲಿ ನೆಲದ ಮೇಲೆ ಕೂತು ಕಲಿತದ್ದನ್ನಷ್ಟೇ ಬರೆಯುತ್ತಿದ್ದೇನೆ. ಹೊಸದಾಗಿ ಕೈಹಾಕುವವರ ದುಡ್ಡೂ ಹಲಗೆಯೂ ಉಳಿಯಲಿ ಎಂಬುದು ನನ್ನ ಆಸೆ.

1. ಸ್ಕ್ರೂ ತಲೆ ನೋಡಿ, ಆಮೇಲೆ ಬಿಟ್ ಕೊಳ್ಳಿ

ಡಬ್ಬದಲ್ಲಿ ಬಂದ ಸ್ಟಾರ್ ಸ್ಕ್ರೂ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನಾಲ್ಕು ತೋಳುಗಳ ನಡುವೆ ಕೂದಲೆಳೆಯಂಥ ಇನ್ನೂ ನಾಲ್ಕು ಗೆರೆ ಕಂಡರೆ ಅದು ಪೊಝಿಡ್ರೈವ್, ಕಾಣದಿದ್ದರೆ ಫಿಲಿಪ್ಸ್. ಯುರೋಪಿನ ಮಾದರಿಯ ಕಪಾಟುಗಳಲ್ಲಿ ಹೆಚ್ಚಾಗಿ ಇರುವುದು ಪೊಝಿಡ್ರೈವ್. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಸ್ಟಾರ್ ಬಿಟ್ ಕೊಡಿ’ ಎಂದರೆ ಸಿಗುವುದು ಸಾಮಾನ್ಯವಾಗಿ ಫಿಲಿಪ್ಸ್. ಅದರ ತುದಿ ಮೊನಚಾಗುತ್ತಾ ಹೋಗುತ್ತದೆ. ಪೊಝಿಡ್ರೈವಿನ ತೋಳುಗಳು ಹಾಗೆ ಸಣ್ಣಗಾಗುವುದಿಲ್ಲ. ಹಾಗಾಗಿ ಒಂದು ಇನ್ನೊಂದರಲ್ಲಿ ಕೂತಂತೆ ಕಂಡರೂ ಅಲ್ಲಾಡುತ್ತದೆ, ಬಿಗಿ ಹೆಚ್ಚಾದಾಗ ಜಾರಿ ಮೇಲೆ ಬರುತ್ತದೆ. ಮೊದಲ ಕಪಾಟು ಜೋಡಿಸುವಾಗ ನನಗಿದು ಗೊತ್ತಿರಲಿಲ್ಲ. ತಲೆ ಸವೆದ ಸ್ಕ್ರೂಗಳು ಒಳಕ್ಕೂ ಹೋಗದೆ ಹೊರಕ್ಕೂ ಬರದೆ ಅರ್ಧಕ್ಕೇ ನಿಂತವು. ಜಾರಿದ ಬಿಟ್ ಬಿಳಿ ಲ್ಯಾಮಿನೇಟ್ ಮೇಲೆ ಎಳೆದ ಗೀರು ಇವತ್ತಿಗೂ ಇದೆ. ‘ಪಿಝಡ್2’ ಎಂದು ಅಚ್ಚಾಗಿರುವ ಒಳ್ಳೆಯ ಬಿಟ್ ಎರಡನ್ನು, ಅದೇ ಅಳತೆಯ ದಪ್ಪ ಹಿಡಿಯ ಕೈ ಸ್ಕ್ರೂಡ್ರೈವರ್ ಒಂದನ್ನು ಮೊದಲು ತನ್ನಿ. ಉಳಿದದ್ದೆಲ್ಲ ಆಮೇಲೆ.

2. ದೊಡ್ಡ ಡ್ರಿಲ್ ಬೇಡ, ಕ್ಲಚ್ ಇರುವ ಚಿಕ್ಕದು ಸಾಕು

ಡ್ರಿಲ್ ಕೊಳ್ಳಲು ಹೋದವರ ಕಣ್ಣು ವೋಲ್ಟ್‌ನ ಮೇಲಿರುತ್ತದೆ. ಈ ಕೆಲಸಕ್ಕೆ 12 ವೋಲ್ಟ್‌ನ ಬ್ಯಾಟರಿ ಡ್ರೈವರ್ ಧಾರಾಳ. ನೋಡಬೇಕಾದ್ದು ಮೂತಿಯ ಹಿಂದೆ ಅಂಕಿಗಳಿರುವ ಬಳೆ, ಅಂದರೆ ಕ್ಲಚ್. ಗೊತ್ತು ಮಾಡಿದಷ್ಟು ಬಿಗಿಯಾದ ಕೂಡಲೇ ಅದು ಕಟಕಟ ಎಂದು ಬಿಟ್ ತಿರುಗುವುದನ್ನು ನಿಲ್ಲಿಸುತ್ತದೆ. ಕಪಾಟಿನ ಹಲಗೆ ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್: ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ತೇಗಕ್ಕೋ ಹಲಸಿಗೋ ಇರುವ ನಾರು ಇದಕ್ಕಿಲ್ಲ. ಸ್ಕ್ರೂ ಅರ್ಧ ಸುತ್ತು ಹೆಚ್ಚಾದರೂ ಸಾಕು, ಒಳಗಿನ ಹಿಡಿತ ಪುಡಿಯಾಗಿ ಸ್ಕ್ರೂ ಸುಮ್ಮನೆ ಸುತ್ತತೊಡಗುತ್ತದೆ. ತಂಗಿಯ ಮನೆಯ ಕಪಾಟಿನಲ್ಲಿ ಕೀಲು ಕೂರಿಸುವಾಗ ನಾನು ಬಳೆಯನ್ನು ಡ್ರಿಲ್ ಗುರುತಿಗೇ ಇಟ್ಟಿದ್ದೆ. ಆ ಗುರುತಿನಲ್ಲಿ ಕ್ಲಚ್ ಕೆಲಸ ಮಾಡುವುದಿಲ್ಲ. ಬಾಗಿಲು ನೇತುಹಾಕಿದ ಮೇಲೆ ಮೇಲಿನ ಕೀಲು ಕಿತ್ತು ಬಂತು.

ಹಾಗಾದರೆ ಹಲಗೆ ಎಸೆಯಬೇಕಿಲ್ಲ. ತೂತನ್ನು 8 ಮಿಲಿಮೀಟರಿಗೆ ಹಿಗ್ಗಿಸಿ, ಆ ಅಳತೆಯ ಮರದ ಗೂಟಕ್ಕೆ ಫೆವಿಕಾಲ್ ಸವರಿ ಬಡಿದು, ರಾತ್ರಿಯಿಡೀ ಒಣಗಲು ಬಿಟ್ಟು, ಮಾರನೆಯ ದಿನ ಸಣ್ಣ ಬಿಟ್‌ನಲ್ಲಿ ಹೊಸ ತೂತು ಕೊರೆದರೆ ಹಿಡಿತ ಮರಳುತ್ತದೆ. ಈಗ ಬಳೆಯನ್ನು ಎಲ್ಲಕ್ಕಿಂತ ಕಡಿಮೆ ಅಂಕಿಯಲ್ಲಿಟ್ಟು ಶುರುಮಾಡುತ್ತೇನೆ. ಕೊನೆಯ ಸುತ್ತು ಯಾವಾಗಲೂ ಕೈಯಲ್ಲೇ.

3. ಕ್ಯಾಮ್ ಲಾಕ್‌ಗೆ ಮೆಷಿನ್ ಮುಟ್ಟಿಸಬೇಡಿ

ಎರಡು ಹಲಗೆಗಳನ್ನು ಸೆಳೆದು ಹಿಡಿಯುವ ಆ ದುಂಡನೆಯ ಲೋಹದ ಬಿಲ್ಲೆ ಪೂರ್ತಿ ಸುತ್ತುವಂಥದ್ದಲ್ಲ. ಅದರ ಬಾಣದ ಗುರುತು ಬೋಲ್ಟ್ ಬರುವ ಅಂಚಿನ ಕಡೆಗಿರಲಿ. ಬೋಲ್ಟ್ ತಲೆ ಒಳಗೆ ಬಂದ ಮೇಲೆ ಸುಮಾರು ಅರ್ಧ ಸುತ್ತು, ಅಷ್ಟೇ. ಬಿಗಿಯಾದದ್ದು ಅಂಗೈಗೆ ಗೊತ್ತಾಗುತ್ತದೆ.

4. ದುಡ್ಡು ಹಾಕುವುದಿದ್ದರೆ ರಸಮಟ್ಟಕ್ಕೆ ಹಾಕಿ

ಉಪಕರಣಗಳಲ್ಲಿ ಯಾವುದು ಮುಖ್ಯ ಎಂದು ಕೇಳಿದರೆ ನನ್ನ ಉತ್ತರ ಇದು. ನಮ್ಮ ಅಡುಗೆಮನೆಗಳ ನೆಲ ಸಮ ಇರುವುದು ಅಪರೂಪ. ತೊಳೆದ ನೀರು ಹರಿಯಲೆಂದು ಎಷ್ಟೋ ಕಡೆ ಇಳಿಜಾರು ಕೊಟ್ಟಿರುತ್ತಾರೆ. ನಾನು ಇಳಿಜಾರಿನ ತಗ್ಗು ಮೂಲೆಯಿಂದಲೇ, ಕಾಲುಗಳನ್ನು ಪೂರ್ತಿ ತಗ್ಗಿಸಿ, ಕಪಾಟು ಇಡುತ್ತಾ ಹೋದೆ. ಆಚೆ ತುದಿಗೆ ಬಂದಾಗ ನೆಲವೇ ಎತ್ತರ. ಕಾಲನ್ನು ಇನ್ನು ತಗ್ಗಿಸಲು ಜಾಗವಿಲ್ಲ. ಮೇಲೆ ಗ್ರಾನೈಟ್ ಕೂರಬೇಕು, ಅದೇನೂ ಬಾಗುವುದಿಲ್ಲ. ಎಲ್ಲವನ್ನೂ ಬಿಚ್ಚಿದೆ. ಪಕ್ಕದ ಫ್ಲಾಟ್‌ನಲ್ಲಿ ಟೈಲ್ಸ್ ಹಾಕುತ್ತಿದ್ದ ಮೇಸ್ತ್ರಿ ಬಂದು ನೋಡಿ, “ಮೊದ್ಲು ಎತ್ತರದ ಜಾಗ ಹುಡುಕ್ಬೇಕು ಸಾರ್, ಅಲ್ಲಿಂದ ಶುರು ಮಾಡ್ಬೇಕು” ಎಂದರು. ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ, ಎರಡು ತುದಿಯ ನೀರಿನ ಮಟ್ಟ ನೋಡಿ ಗೋಡೆಯುದ್ದಕ್ಕೂ ಒಂದೇ ಎತ್ತರಕ್ಕೆ ಗುರುತು ಹಾಕಿಕೊಟ್ಟವರೂ ಅವರೇ. ಮೂಲೆ ತಿರುಗುವ ಕಡೆ ಆ ಟ್ಯೂಬಿಗೆ ಸಮನಾದದ್ದು ಲೇಸರ್ ಮಾತ್ರ.

ಕೊಳ್ಳುವುದಾದರೆ ಎರಡಡಿ ಉದ್ದದ ರಸಮಟ್ಟ ಕೊಳ್ಳಿ. ಅಂಗಡಿಯಲ್ಲೇ ಗಾಜಿನ ಕೌಂಟರ್ ಮೇಲಿಟ್ಟು ಗುಳ್ಳೆ ಎಲ್ಲಿದೆ ನೋಡಿ. ಅದೇ ಜಾಗದಲ್ಲಿ ತುದಿ ಅದಲುಬದಲು ಮಾಡಿ ಮತ್ತೆ ಇಡಿ. ಗುಳ್ಳೆ ಎರಡು ಸಲವೂ ನಿಮ್ಮಿಂದ ನೋಡಿದಾಗ ಅದೇ ಕಡೆ, ಅಷ್ಟೇ ದೂರದಲ್ಲಿ ನಿಂತರೆ ಮಟ್ಟ ಸರಿಯಿದೆ. ಕೌಂಟರೇ ವಾರೆ ಇದ್ದರೂ ಈ ಪರೀಕ್ಷೆ ಸುಳ್ಳಾಗದು.

5. ಹಿಂದಿನ ಹಲಗೆ ಹೊಡೆಯುವ ಮೊದಲು ಕರ್ಣ ಅಳೆಯಿರಿ

ಬರೀ ಅಳತೆ ಟೇಪಿನ ಕೆಲಸ. ಪೆಟ್ಟಿಗೆಯ ಎದುರುಬದುರು ಮೂಲೆಗಳ ನಡುವಿನ ಎರಡೂ ಅಳತೆ ಒಂದೇ ಬಂದರೆ ಮೂಲೆಗಳು ನೇರ. ಬೇರೆ ಬಂದರೆ ಉದ್ದವಿರುವ ಕರ್ಣದ ಮೂಲೆಗಳನ್ನು ಮೆಲ್ಲನೆ ಒಳಕ್ಕೆ ಒತ್ತಿ, ಆಮೇಲೆ ತೆಳು ಹಲಗೆ ಕೂರಿಸಿ. ಕಪಾಟನ್ನು ಆ ಆಕಾರದಲ್ಲೇ ಹಿಡಿದಿಡುವುದು ಆ ಹಿಂದಿನ ಹಲಗೆ. ಇದನ್ನು ಬಿಟ್ಟರೆ ಬಾಗಿಲುಗಳ ನಡುವಿನ ಸಂದು ಸರಿಹೋಗುವುದೇ ಇಲ್ಲ, ಕೀಲಿನ ಸ್ಕ್ರೂ ಎಷ್ಟು ತಿರುಗಿಸಿದರೂ.

6. ಗೋಡೆ ಯಾವುದೆಂದು ತಿಳಿದು ಮೆಷಿನ್ ಆರಿಸಿ

ಇಟ್ಟಿಗೆ, ಸಿಮೆಂಟ್ ಬ್ಲಾಕಿನ ಗೋಡೆಗೆ ಮಾಮೂಲಿ ಹ್ಯಾಮರ್ ಡ್ರಿಲ್ ಸಾಕು. ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದು ಕಟ್ಟಿದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಯೆಲ್ಲ ಕಾಂಕ್ರೀಟ್. ಅಲ್ಲಿ ಮಾಮೂಲಿ ಡ್ರಿಲ್ ಬಿಟ್ ಸುಟ್ಟುಕೊಳ್ಳುತ್ತದೆ, ಗೋಡೆ ಜಗ್ಗುವುದಿಲ್ಲ. ಅದಕ್ಕೆ ರೋಟರಿ ಹ್ಯಾಮರ್ ಬೇಕು. ಕೊಳ್ಳಬೇಡಿ, ದಿನದ ಬಾಡಿಗೆಗೆ ತನ್ನಿ. ಹಗುರವಾದ ಎಎಸಿ ಬ್ಲಾಕ್ ಆದರೆ ಹ್ಯಾಮರ್ ಆಫ್ ಮಾಡಿ ಕೊರೆಯಿರಿ, ಅದಕ್ಕೆಂದೇ ಸಿಗುವ ಪ್ಲಗ್ ಹಾಕಿ. ನಲ್ಲಿಯ, ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಲೇಬೇಡಿ. ಪೈಪು, ವೈರು ಹೆಚ್ಚಾಗಿ ಹಾದುಹೋಗುವುದು ಅಲ್ಲೇ. ಸಾಮಾನು ತುಂಬಿದ ಮೇಲುಕಪಾಟು ಕೆಳಗೆ ನಿಂತವರ ತಲೆಯ ಮೇಲಿರುತ್ತದೆ. ಪ್ಲಗ್ ತೂತಿನಲ್ಲಿ ಸಡಿಲವಾಗಿ ಸುತ್ತಿದರೆ ‘ನಡೆಯುತ್ತದೆ’ ಎನ್ನದೆ ಬೇರೆ ತೂತು ಕೊರೆಯಿರಿ.

7. ಎರಡು ಕ್ಲ್ಯಾಂಪ್, ಒಂದು ಹೋಲ್ ಸಾ, ಒಂದು ಸಿಲಿಕಾನ್ ಗನ್

ಅಕ್ಕಪಕ್ಕದ ಕಪಾಟುಗಳ ಮುಂದಿನ ಅಂಚು ಸಮ ಮಾಡಿ ಕ್ಲ್ಯಾಂಪ್ ಬಿಗಿದ ಮೇಲೇ ಜೋಡಿಸುವ ಸ್ಕ್ರೂ ಹಾಕಿ. ಕ್ಲ್ಯಾಂಪಿಗೂ ಹಲಗೆಗೂ ನಡುವೆ ರಟ್ಟಿನ ಚೂರಿಟ್ಟರೆ ಲ್ಯಾಮಿನೇಟ್ ತಗ್ಗಾಗುವುದಿಲ್ಲ. ಸಿಂಕಿನ ಪೈಪಿಗೆ ತೂತು ಬೇಕಾದಲ್ಲಿ ಹೋಲ್ ಸಾ ಬಳಸಿ, ಅಂಚು ಒಡೆಯದಂತೆ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕೊಯ್ದ ಅಂಚಿನಲ್ಲಿ ಪಾರ್ಟಿಕಲ್ ಬೋರ್ಡ್ ಬರಿದಾಗಿರುತ್ತದೆ. ನಾವು ನೀರು ಹೊಯ್ದು ತೊಳೆಯುವ ಜನ, ಅಲ್ಲಿ ತೇವ ಹಿಡಿದರೆ ಹಲಗೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ತೂತಿನ ಒಳಸುತ್ತಿಗೆ ಬೆರಳಿನಿಂದ ಸಿಲಿಕಾನ್ ಸವರಿ, ಒಂದು ದಿನ ಒಣಗಲು ಬಿಟ್ಟು, ಆಮೇಲೆ ಪೈಪ್ ಹಾಯಿಸಿ.