ನಿಬಂಧನೆಯೂ ಆವರ್ತನೆಯೂ

ಗಣಕಯಂತ್ರವು ತಾನಾಗಿ ಆಲೋಚಿಸಲಾರದು. ಬರೆದುಕೊಟ್ಟ ಅಪ್ಪಣೆಯನ್ನು ಅಕ್ಷರಶಃ ನಡಿಸುವುದು. ೧೯೭೨ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು ರಚಿಸಿದ 'ಸಿ' ಭಾಷೆಯಲ್ಲಿ ಬರೆದುದನ್ನು ಕಂಪೈಲರೆಂಬ ತರ್ಜುಮೆಗಾರನು ಮುಂಚಿತವಾಗಿಯೇ ಯಂತ್ರಭಾಷೆಗೆ ತಿರುಗಿಸುವನು. ವ್ಯಾಕರಣದ ತಪ್ಪನ್ನು ಅವನು ಹಿಡಿಯುವನು. ವಿಚಾರದ ತಪ್ಪನ್ನು ಹಿಡಿಯುವ ಭಾರವು ಬರೆಯುವವರದೇ.

'ಇಫ್' ಎಂಬುದು ನಿಬಂಧನೆ: ಹೇಳಿದ್ದು ನಿಜವಾದರೆ ಒಂದು ಕೆಲಸ, ಇಲ್ಲವಾದರೆ 'ಎಲ್ಸ್' ವಿಧಿಸಿದ ಕೆಲಸ. 'ವೈಲ್' ಎಂಬುದು ಆವರ್ತನೆ: ನಿಬಂಧನೆ ನಿಜವಾಗಿರುವ ತನಕ ಅದೇ ಕೆಲಸವನ್ನು ಮರಳಿ ಮರಳಿ ಮಾಡುವುದು. ಆದಕಾರಣ ಸುತ್ತು ಮುಗಿಯಬೇಕಾದರೆ ಅದರೊಳಗೆ ಏನಾದರೂ ಬದಲಾಗುತ್ತಾ ಬಂದು ನಿಬಂಧನೆಯು ಕಡೆಗೆ ಸುಳ್ಳಾಗಬೇಕು.

ಇದಕ್ಕೊಂದು ದೃಷ್ಟಾಂತವುಂಟು. ೨೦೦೮ನೆಯ ಡಿಸೆಂಬರ್ ೩೧ರಂದು ಮೈಕ್ರೋಸಾಫ್ಟಿನವರ 'ಜ್ಯೂನ್' ಎಂಬ ಸಂಗೀತಯಂತ್ರದ ಒಂದು ಮಾದರಿಯವು ಸ್ತಬ್ಧವಾದವು. ಅವುಗಳ ಗಡಿಯಾರವು ೧೯೮೦ರಿಂದ ಎಣಿಸಿದ ದಿನಗಳಿಂದ ವರ್ಷವನ್ನು ಕಂಡುಹಿಡಿಯುತ್ತಿತ್ತು. ದಿನಗಳು ೩೬೫ಕ್ಕಿಂತ ಹೆಚ್ಚಾಗಿರುವ ತನಕ, ಸಾಧಾರಣ ವರ್ಷಕ್ಕೆ ೩೬೫ನ್ನು ಕಳೆಯಬೇಕು. ಅಧಿಕ ವರ್ಷವಾದರೆ, ದಿನಗಳು ೩೬೬ಕ್ಕಿಂತ ಹೆಚ್ಚಿದ್ದಾಗ ಮಾತ್ರ ೩೬೬ನ್ನು ಕಳೆಯಬೇಕು ಎಂದು ವಿಧಿ. ೨೦೦೮ ಅಧಿಕ ವರ್ಷ. ಆ ದಿನ ಉಳಿದದ್ದು ಸರಿಯಾಗಿ ೩೬೬. ಅದು ೩೬೫ಕ್ಕಿಂತ ಹೆಚ್ಚಾದುದರಿಂದ ಸುತ್ತು ನಿಲ್ಲಲಿಲ್ಲ. ೩೬೬ಕ್ಕಿಂತ ಹೆಚ್ಚಲ್ಲವಾದುದರಿಂದ ಏನೂ ಕಳೆಯಲಿಲ್ಲ. ಗಾಣದೆತ್ತಿನಂತೆ ಯಂತ್ರವು ಇದ್ದಲ್ಲಿಯೇ ತಿರುಗಿತು. ಒಳಗಿನ 'ಇಫ್'ಗೆ ಜೊತೆಯಾಗಿ 'ಎಲ್ಸ್' ಬರೆದು, ಸುತ್ತನ್ನು ಬಿಟ್ಟು ಹೊರಡಿಸುವ 'ಬ್ರೇಕ್' ಎಂಬ ಒಂದೇ ಅಪ್ಪಣೆಯನ್ನು ಅಲ್ಲಿಟ್ಟಿದ್ದರೆ ಸಾಕಾಗಿತ್ತು.

ವಿದ್ಯಾರ್ಥಿನಿಯರೇ, ಆವರ್ತನೆಯನ್ನು ಬರೆದೊಡನೆ ಗಡಿಯ ಸಂಖ್ಯೆಯನ್ನೂ ಅದರ ಹಿಂದಿನದನ್ನೂ ಮುಂದಿನದನ್ನೂ ಕಾಗದದ ಮೇಲೆ ನಡಿಸಿ ನೋಡಿರಿ. ಇಲ್ಲಿ ೩೬೫, ೩೬೬, ೩೬೭ ಇವುಗಳನ್ನು ಪರೀಕ್ಷಿಸಿರಿ. ತಪ್ಪು ತಾನಾಗಿಯೇ ಕಾಣುವುದು.