ಒಂದೇ ತಾಯಿಗೆ ಎರಡು ರಶೀದಿ

ಓದಿಕೊಳ್ಳಲು: ಸಂತ ಮತ್ತಾಯನ ಶುಭಸಂದೇಶ, 18ನೇ ಅಧ್ಯಾಯ



ತಾವು ಹರಕೆ ಹೊತ್ತು, ಶಿಲುಬೆಹಾದಿಯ 14 ಸ್ಥಳಗಳನ್ನು ದಾಟಿ, ಮೆಟ್ಟಿಲು ಹತ್ತಿ ಮಾತೆಯ ಸನ್ನಿಧಿಗೆ ಬಂದಿದ್ದೀರಿ. ಕೈಯಲ್ಲಿ ಮೇಣದ ಬತ್ತಿ ಇದೆ, ಹೂವಿದೆ. ಮನಸ್ಸಿನಲ್ಲಿ ಏನಿದೆ? ನಿಮ್ಮೂರ ಚರ್ಚಿನಲ್ಲಿ ಮಾತು ಬಿಟ್ಟವರ ಮುಖ ಯಾವುದಾದರೂ ಇದೆಯೇ? ಇದ್ದರೆ ಈ ಪಾಠ ತಮಗಾಗಿಯೇ.

ಕಚೇರಿ ಕಿಟಕಿಯಲ್ಲಿ ಕುಳಿತು ಪೂಜಾ ಕೋರಿಕೆ ಬರೆದುಕೊಳ್ಳುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಒಬ್ಬರು ಬಂದು ತಾಯಿಯ ವರ್ಷದ ಪೂಜೆಗೆ ಚೀಟಿ ಬರೆಸಿದರು. ಅರ್ಧ ಗಂಟೆ ಬಿಟ್ಟು ಇನ್ನೊಬ್ಬರು ಬಂದರು. ಅದೇ ತಾಯಿಯ ಹೆಸರು, ಅದೇ ಧರ್ಮಕೇಂದ್ರ, ಅದೇ ಹತ್ತು ಗಂಟೆ ಪೂಜೆ. "ಆಗಲೇ ಒಂದು ಬರೆದಿದೆಯಲ್ಲಾ?" ಅಂದೆ. "ಅದು ನಮ್ಮಣ್ಣಂದು ಸಾರ್. ನಂದು ಬೇರೆ ಬರೀರಿ" ಅಂದರು. ಬರೆದೆ. ಪೂಜೆಯಲ್ಲಿ ಗುರುಗಳು ಆ ತಾಯಿಯ ಹೆಸರನ್ನು ಎರಡು ಸಲ ಓದಿದರು. ಒಬ್ಬ ಮಗ ಬಲಗಡೆ ಬೆಂಚಿನಲ್ಲಿ, ಇನ್ನೊಬ್ಬ ಎಡಗಡೆ. ಇಬ್ಬರೂ ಪರಮಪ್ರಸಾದ ಸ್ವೀಕರಿಸಿದರು. ಒಬ್ಬರ ಮುಖ ಒಬ್ಬರು ನೋಡದೆ ಬೆಟ್ಟ ಇಳಿದುಹೋದರು. ನನಗ್ಯಾಕೆ ಊರ ಉಸಾಬರಿ ಅಂತ ನಾನೂ ಸುಮ್ಮನಿದ್ದೆ. ಆದರೆ ಆ ಎರಡು ರಶೀದಿ ಮನಸ್ಸಿನಿಂದ ಹೋಗಲಿಲ್ಲ.

ನೂರು ದಿನದ ಕೂಲಿ

ಸಹೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಅಂತ ಪೇತ್ರ ಕೇಳಿದ. ಯೇಸುಸ್ವಾಮಿ ಲೆಕ್ಕವೇ ಇಡಲಾಗದಷ್ಟು ಸಲ ಎಂದು ಉತ್ತರ ಕೊಟ್ಟು, ಒಂದು ಸಾಮತಿ ಹೇಳಿದರು. ಅರಸನಿಗೆ ಒಬ್ಬ ಸೇವಕ 10,000 ತಲಾಂತು ಕೊಡಬೇಕಿತ್ತು. ಅರಸ ಮರುಗಿ ಪೂರ್ತಿ ಬಿಟ್ಟುಬಿಟ್ಟ. ಆ ಸೇವಕ ಹೊರಗೆ ಬಂದವನೇ, ತನಗೆ 100 ದೆನಾರಿ ಕೊಡಬೇಕಿದ್ದ ಜೊತೆ ಸೇವಕನ ಕುತ್ತಿಗೆ ಹಿಡಿದ.

ಒಂದು ದೆನಾರಿ ಅಂದರೆ ಆಗಿನ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದೆನಾರಿ. ದಿನಗೂಲಿ 500 ರೂಪಾಯಿ ಅಂತ ಹಿಡಿದು ಲೆಕ್ಕ ಹಾಕಿ. ಜೊತೆಯವನ ಸಾಲ 50,000 ರೂಪಾಯಿ. ಅರಸ ಬಿಟ್ಟ ಸಾಲ 3,000 ಕೋಟಿ ರೂಪಾಯಿ!

ಇಲ್ಲಿ ಒಂದು ಮಾತು ಗಮನಿಸಿ. ಕೂಲಿಯವನಿಗೆ 50,000 ಚಿಕ್ಕದೇನಲ್ಲ. ನೂರು ದಿನದ ಬೆವರು ಅದು. ನಿಮಗೆ ಆದ ನೋವು ಸುಳ್ಳು ಅಂತ ಸ್ವಾಮಿ ಹೇಳಲಿಲ್ಲ. ಹಬ್ಬದ ಲೆಕ್ಕದಲ್ಲಿ ನಿಮ್ಮ ಮೇಲೆ ಅಪವಾದ ಬಂದಿರಬಹುದು, ತೇರು ಹೊರುವ ಸರದಿಯಲ್ಲಿ ನಿಮ್ಮನ್ನು ಬಿಟ್ಟಿರಬಹುದು. ನೋವು ನಿಜವೇ. ಆದರೆ ನಮಗೆ ಮನ್ನಾ ಆಗಿರುವುದು ಅದರ ಆರು ಲಕ್ಷ ಪಾಲು. ಇದನ್ನು ಮರೆತಾಗಲೇ ನಮ್ಮ ಕೈ ಇನ್ನೊಬ್ಬರ ಕುತ್ತಿಗೆಗೆ ಹೋಗುವುದು.

ಮೊದಲು ಒಬ್ಬನೇ ಹೋಗು

ಈ ಸಾಮತಿಗೆ ಸ್ವಲ್ಪ ಮುಂಚೆ, ಅದೇ ಅಧ್ಯಾಯದಲ್ಲಿ, ಸ್ವಾಮಿ ಮೂರು ಮೆಟ್ಟಿಲು ತೋರಿಸಿದ್ದಾರೆ. ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಧರ್ಮಸಭೆಗೆ ತಿಳಿಸು.

ನಾವು ಮಾಡುವುದು ಉಲ್ಟಾ. ಮೊದಲು ಇಡೀ ಚರ್ಚಿಗೆ ಹೇಳುತ್ತೇವೆ, ಆಮೇಲೆ ನೆಂಟರಿಗೆ. ಆ ಮನುಷ್ಯನಿಗೆ ಮಾತ್ರ ಹೇಳುವುದೇ ಇಲ್ಲ! ಧರ್ಮಸಭೆಯ ಮಾತನ್ನೂ ಕೇಳದವನನ್ನು ಸುಂಕದವನಂತೆ ಎಣಿಸು ಎಂದಿದೆ, ನಿಜ. ಆದರೆ ಇದನ್ನು ಬರೆದಿಟ್ಟ ಮತ್ತಾಯನೇ ಸುಂಕದವನು. ಸ್ವಾಮಿ ಅವನನ್ನು ಸುಂಕದ ಕಟ್ಟೆಯಿಂದಲೇ ಕರೆದರು, ಅವನ ಜೊತೆ ಊಟಕ್ಕೂ ಕುಳಿತರು. ಅಂದಮೇಲೆ ಕೊನೆಯ ಮೆಟ್ಟಿಲಲ್ಲೂ ಬಾಗಿಲು ಮುಚ್ಚುವುದಿಲ್ಲ.

ಕರುಣೆ ಎಂದರೆ ಮುಚ್ಚಿಡುವುದಲ್ಲ

ಕ್ಷಮಿಸಿ ಅಂದಕೂಡಲೇ ತಪ್ಪನ್ನು ಸೆರಗಿನಲ್ಲಿ ಮುಚ್ಚಬೇಕು ಅಂತ ಕೆಲವರು ತಿಳಿಯುತ್ತಾರೆ. ಅದೇ ಅಧ್ಯಾಯದ ಆರಂಭ ಓದಿ. ಚಿಕ್ಕವರಿಗೆ ಕೇಡು ಮಾಡುವವನಿಗೆ ಬೀಸುವ ಕಲ್ಲಿನ ಎಚ್ಚರಿಕೆ ಇದೆ. ಮಕ್ಕಳಿಗೆ, ಹೆಂಗಸರಿಗೆ, ದುರ್ಬಲರಿಗೆ ಅನ್ಯಾಯ ಆಗಿದ್ದರೆ ಅವರನ್ನು ಕಾಪಾಡಬೇಕು, ಕಾನೂನಿಗೆ ತಿಳಿಸಬೇಕು. ಅನ್ಯಾಯ ಪಟ್ಟವರ ಮೇಲೆ "ಕ್ಷಮಿಸಿಬಿಡು" ಅಂತ ಒತ್ತಾಯ ಹೇರುವುದು ಕರುಣೆಯಲ್ಲ. ಹೊಡೆತ ತಿನ್ನುವ ಹೆಣ್ಣುಮಗಳನ್ನು ಒಬ್ಬಳೇ ಹೋಗಿ ಮಾತಾಡು ಅಂತ ಕಳಿಸುವುದೂ ಧರ್ಮವಲ್ಲ. ನಾನು ಹೇಳುತ್ತಿರುವುದು, ಸಮ ಸಮ ನಿಂತು ಮುಖ ತಿರುಗಿಸಿಕೊಂಡಿರುವ ನಮ್ಮ ನಿಮ್ಮ ವಿಷಯ.

ಪರಮಪ್ರಸಾದಕ್ಕೆ ಮುಂಚೆ ನಾವು ಪರಲೋಕ ಪ್ರಾರ್ಥನೆ ಹೇಳಿ, ಪಕ್ಕದವರೊಡನೆ ಸಮಾಧಾನ ಹಂಚಿಕೊಳ್ಳುತ್ತೇವೆ. ಆ ಹೊತ್ತಿಗೆ ಬೇಕಾದವರ ಕಡೆ ಮಾತ್ರ ತಿರುಗಿ ಕೈ ಮುಗಿದರೆ ಪೂಜೆಯಲ್ಲಿ ಅರ್ಧ ಮಾತ್ರ ಭಾಗವಹಿಸಿದಂತೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಹೋಗಿ ರಾಜಿಯಾಗಿ ಬಾ ಎಂದು ಸ್ವಾಮಿ ಕಲಿಸಿದ್ದೂ (ಮತ್ತಾಯ 5ನೇ ಅಧ್ಯಾಯ) ಇದಕ್ಕೇ.

ಮುಂದಿನ ವರ್ಷ ಅದೇ ತಾರೀಕಿಗೆ ಆ ತಮ್ಮ ಕಿಟಕಿಗೆ ಬಂದರು. ಅಣ್ಣನ ಹೆಸರು ಮೊದಲು ಬರೆಸಿ, ತನ್ನದನ್ನು ಆಮೇಲೆ ಬರೆಸಿದರು. ಯಾರು ಮೊದಲು ಯಾರ ಮನೆಗೆ ಹೋದರು ಅಂತ ನಾನು ಕೇಳಲಿಲ್ಲ. ಒಂದೇ ರಶೀದಿ ಹರಿದುಕೊಟ್ಟೆ.

ಮನನಕ್ಕೆ

1. ನನ್ನ ಧರ್ಮಕೇಂದ್ರದಲ್ಲಿ ನಾನು ಮಾತು ಬಿಟ್ಟಿರುವುದು ಯಾರ ಜೊತೆ? ಎಷ್ಟು ವರ್ಷದಿಂದ?
2. ಆ ವಿಷಯವನ್ನು ಅವರನ್ನು ಬಿಟ್ಟು ಎಷ್ಟು ಜನಕ್ಕೆ ಹೇಳಿದ್ದೇನೆ?
3. ಬೆಟ್ಟ ಇಳಿದ ಮೇಲೆ ಮೊದಲು ಯಾರ ಮನೆಗೆ ಹೋಗಬೇಕು?

ಪ್ರಾರ್ಥನೆ

ಕರುಣಾಮಯ ಸ್ವಾಮಿ, ನನ್ನ ದೊಡ್ಡ ಸಾಲವನ್ನು ನೀವು ಕೇಳದೆ ಬಿಟ್ಟಿರಿ. ನನಗೆ ಬರಬೇಕಾದ ಸಾಲವನ್ನು ಬಿಡುವ ಮನಸ್ಸು ಕೊಡಿ. ಮೊದಲ ಹೆಜ್ಜೆ ಇಡಲು ನಾಚಿಕೆಯಾದಾಗ ನನ್ನ ಜೊತೆ ನಡೆಯಿರಿ. ಮಾತೆ ಮರಿಯಮ್ಮನವರೇ, ನಿಮ್ಮ ಮಕ್ಕಳಾದ ನಮ್ಮನ್ನು ಒಂದೇ ಬೆಂಚಿನಲ್ಲಿ ಕೂರಿಸಿ. ಆಮೆನ್.