ತ್ಯಾಜ್ಯನೀರಿನ ನೈಟ್ರೇಟ್ ನಿವಾರಣೆಗೆ ವಿದ್ಯುತ್-ರಾಸಾಯನಿಕ ವಿಧಾನ

ಸ್ಟೇನ್‌ಲೆಸ್ ಸ್ಟೀಲ್ ವಸ್ತುಗಳನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿ ಪಿಕ್ಲಿಂಗ್ ಮಾಡುವ ಸಣ್ಣ ಕಾರ್ಖಾನೆಗಳ ತೊಳೆನೀರಿನಲ್ಲಿ ನೈಟ್ರೇಟ್ ಸೇರಿರುತ್ತದೆ. ಸುಣ್ಣ ಬೆರೆಸಿದರೆ ಆಮ್ಲೀಯತೆ ತಗ್ಗಿ ಲೋಹಗಳು ಕೆಸರಾಗಿ ತಳಕ್ಕಿಳಿಯುತ್ತವೆ. ನೈಟ್ರೇಟ್ ಮಾತ್ರ ಕರಗಿಯೇ ಉಳಿಯುತ್ತದೆ. ರಿವರ್ಸ್ ಆಸ್ಮೋಸಿಸ್ ಸಹ ಅದನ್ನು ನಾಶಪಡಿಸದು, ಸಾಂದ್ರಗೊಳಿಸುತ್ತದೆ ಅಷ್ಟೆ. ಇಂತಹ ನೀರು ಅಂತರ್ಜಲವನ್ನು ಸೇರುವುದು ಅಪಾಯಕರ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು.

ವಿದ್ಯುತ್-ರಾಸಾಯನಿಕ ಕೋಶದ ಋಣಾಗ್ರದಲ್ಲಿ ನೈಟ್ರೇಟ್ ಮೊದಲು ನೈಟ್ರೈಟ್ ಆಗಿ, ಬಳಿಕ ಸಾರಜನಕ ಅನಿಲವಾಗಿ ಅಥವಾ ಅಮೋನಿಯಾ ಆಗಿ ಮಾರ್ಪಡುತ್ತದೆ. ನೀರಿನಲ್ಲಿ ಸಾಕಷ್ಟು ಉಪ್ಪಿದ್ದರೆ ಧನಾಗ್ರದಲ್ಲಿ ಉತ್ಪತ್ತಿಯಾಗುವ ಕ್ಲೋರಿನ್ ಅಮೋನಿಯಾವನ್ನೂ ಸಾರಜನಕವಾಗಿಸುತ್ತದೆ. ಸಾರಜನಕವು ಗಾಳಿಗೆ ಸೇರಿದಾಗಲೇ ನಿವಾರಣೆ ಪೂರ್ಣಗೊಳ್ಳುವುದು.

ಇನ್ನು ವೆಚ್ಚದ ವಿಚಾರ. 1 ಕಿಲೋಗ್ರಾಂ ನೈಟ್ರೇಟನ್ನು ಅಮೋನಿಯಾ ಮಾಡಲು ಲೆಕ್ಕದ ಪ್ರಕಾರ ಸುಮಾರು 3,460 ಆಂಪಿಯರ್-ಗಂಟೆ ಬೇಕು. 5 ವೋಲ್ಟಿನಲ್ಲಿ ಇದು ಸುಮಾರು 17 ಯೂನಿಟ್. ವಿದ್ಯುತ್ತಿನ ಅರ್ಧಭಾಗ ಮಾತ್ರ ಉಪಯೋಗಕ್ಕೆ ಬಂದರೆ ಸುಮಾರು 35 ಯೂನಿಟ್. ನೀರು ತೆಳುವಾದಷ್ಟೂ ಹೈಡ್ರೋಜನ್ ಉತ್ಪತ್ತಿಗೇ ವಿದ್ಯುತ್ ಹೆಚ್ಚು ವ್ಯಯವಾಗುತ್ತದೆ. ಆದುದರಿಂದ ಗಾಢವಾದ ಮೊದಲ ತೊಳೆನೀರನ್ನು ಇತರ ನೀರಿನೊಡನೆ ಬೆರೆಸದೆ ಪ್ರತ್ಯೇಕವಾಗಿ ಸಂಗ್ರಹಿಸುವುದು ಲಾಭಕರ. ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲವಾದ ಕಾರಣ ಕೋಶವಿರುವ ಕೊಠಡಿಯಲ್ಲಿ ಗಾಳಿ ಚೆನ್ನಾಗಿ ಆಡುವಂತಿರಬೇಕು.

ಯಂತ್ರ ಕೊಳ್ಳುವ ಮುನ್ನ ಉದ್ಯಮಿಗಳು ತಮ್ಮ ಕಾರ್ಖಾನೆಯ ನೀರನ್ನೇ ಕೊಟ್ಟು ಪರೀಕ್ಷೆ ಮಾಡಿಸತಕ್ಕದ್ದು. ವರದಿಯಲ್ಲಿ ನೈಟ್ರೇಟ್, ನೈಟ್ರೈಟ್, ಅಮೋನಿಯಾ ಮೂರರ ಪ್ರಮಾಣವನ್ನೂ, ಉಳಿದ ಕ್ಲೋರಿನ್ನಿನ ಪ್ರಮಾಣವನ್ನೂ ಕೇಳಿ ಪಡೆಯಬೇಕು. ನೈಟ್ರೇಟ್ ಇಳಿದು ಅಮೋನಿಯಾ ಏರಿದ್ದರೆ ನೀರು ಶುದ್ಧವಾಗಿಲ್ಲವೆಂದೇ ತಿಳಿಯಬೇಕು.